ನಾಲ್ಕನೇ ನಂಬರಿನ ದಾಳಿಂಬೆ

ಕರೇಹಟ್ಟಿಯಲ್ಲಿ ಗಿಡವನ್ನು ಕೇಳಿ ತರುವವರಿಲ್ಲ, ಕೊಟ್ಟು ಕಳಿಸುವವರೂ ಇಲ್ಲ. ಕದಿಯಬೇಕು. ಕೇಳಿ ತಂದ ಗಿಡ ಮುನಿಸಿಕೊಂಡು ಒಣಗುತ್ತದೆ, ಕೊಂಡು ತಂದದ್ದು ಕಾಯಿ ಹಿಡಿಯುವುದಿಲ್ಲ, ಕದ್ದು ತಂದದ್ದು ಮಾತ್ರ ಬೇರು ಬಿಟ್ಟು ಬಾಳುತ್ತದೆ ಎಂಬುದು ಆ ಊರಿನ ನಂಬಿಕೆ. ಇಂಗಳೇಶ್ವರದ ರಸ್ತೆಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಕರಿಬೇವಿನಿಂದ ಹಿಡಿದು ನುಗ್ಗೆಯವರೆಗೆ ಒಂದು ಗಿಡವೂ ನ್ಯಾಯವಾಗಿ ಬಂದದ್ದಲ್ಲ. ಹಾಗಂತ ಅದು ಕಳ್ಳರ ಊರು ಅಂದುಕೊಂಡೀರಿ! ಬಾಗಿಲು ತೆರೆದಿಟ್ಟು ಬೀಗರೂರಿಗೆ ಹೋಗಿ ಬಂದರೂ ಮನೆಯ ಒಂದು ಚಮಚ ಆಚೀಚೆ ಆಗಿರುವುದಿಲ್ಲ. ಗಿಡದ ಮಾತೇ ಬೇರೆ.

ಕದಿಯುವುದಕ್ಕೂ ಒಂದು ರೀತಿ ಇತ್ತು. ಗಿಡ ಕಿತ್ತ ಗುಣಿಯನ್ನು ಮಣ್ಣಿನಿಂದ ಮುಚ್ಚಿ, ಮೇಲೆ ಒಂದು ಹಿಡಿ ಜೋಳ ಇಟ್ಟು ಬರಬೇಕು. ಬೆಳಗಾದ ಮೇಲೆ ಗಿಡದ ಒಡತಿ ಆ ಜೋಳವನ್ನು ಉಡಿಗೆ ಹಾಕಿಕೊಂಡು, ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಹೆಸರು ಹೇಳದೆ ಬೈಯುತ್ತ ಹೋಗಬೇಕು. ಬೈಗುಳ ಎಷ್ಟು ಗಟ್ಟಿಯೋ ಗಿಡ ಅಷ್ಟು ಗಟ್ಟಿ. ಆದರೆ ಕಳವಾಯಿತು ಎಂದು ಹೊರಗಿನವರ ಮುಂದೆ ಬಾಯಿ ಬಿಟ್ಟರೆ ಮುಗಿಯಿತು, ಎಂಟು ದಿನದಲ್ಲಿ ಗಿಡ ಸುಟ್ಟು ಕರಕಲಾಗುತ್ತದೆಂದು ಎಲ್ಲರೂ ಹೆದರುತ್ತಿದ್ದರು.

ಈ ಬೈಯುವ ವಿದ್ಯೆಯಲ್ಲಿ ತಿಪ್ಪವ್ವನನ್ನು ಸರಿಗಟ್ಟುವವರು ಇಡೀ ಬಾಗೇವಾಡಿ ತಾಲೂಕಿನಲ್ಲಿ ಇರಲಿಲ್ಲ. ಐವತ್ತು ದಾಟಿದ ಸಣಕಲು ಹೆಂಗಸು, ಗಂಟಲು ಮಾತ್ರ ಎರಡಾಳಿನದು. ಗಂಡ ಸೋಮನಿಂಗ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಿದ್ದ. ಹೆಂಡತಿಯ ಬಾಯಿಗೆ ಅಂಜಿ ಹಾಗೆ ತಿರುಗುತ್ತಾನೆ ಎಂದು ಊರವರ ಮಾತು. ಕುರಿ ಇದ್ದ ಗಂಡಸು ಮನೆಯಲ್ಲಿ ಕೂತು ಏನು ಒಲೆ ಊದಬೇಕೇನು ಎಂದು ತಿಪ್ಪವ್ವನ ಮಾತು. ಎರಡೂ ಅಷ್ಟಿಷ್ಟು ನಿಜವೇ ಇರಬೇಕು.

ಆಕೆಗೆ ಹಳ್ಳದ ದಂಡೆಗೆ ಮೂರೆಕರೆ ಹೊಲವಿತ್ತು. ಇದ್ದು ಏನು ಬಂತು, ಅಪ್ಪಟ ಸವಳು. ಬೇಸಿಗೆ ಬಂತೆಂದರೆ ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದು ಕೂರುತ್ತಿತ್ತು. ಜೋಳ ಬಿತ್ತಿದರೆ ಗೇಣುದ್ದ ಬಂದು ಅಲ್ಲಿಗೇ ನಿಂತುಬಿಡುತ್ತಿತ್ತು. ಹೊಲದ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ, ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಸ್ವಂತ ಹೊಲವಿದ್ದೂ ಹತ್ತು ವರ್ಷದಿಂದ ತಿಪ್ಪವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಊರನ್ನೆಲ್ಲ ಬೈಯುವ ಬಾಯಿ ಈ ಒಂದು ಮಾತು ಬಂದಾಗ ಮಾತ್ರ ಸುಮ್ಮನಾಗುತ್ತಿತ್ತು. ಅದು ಆಕೆಯ ಹೊಟ್ಟೆಯೊಳಗಿನ ಸಂಕಟ.

ಹೀಗಿರುವಾಗ ಎಪ್ಪತ್ಮೂರನೇ ಇಸವಿಯ ಮಳೆಗಾಲದಲ್ಲಿ ತೋಟಗಾರಿಕೆ ಇಲಾಖೆಯ ರಾಚಪ್ಪ ಸೈಕಲ್ ತಳ್ಳಿಕೊಂಡು ಆ ಹೊಲಕ್ಕೆ ಬಂದ. ಹೊಸದಾಗಿ ನೌಕರಿ ಹಿಡಿದ ಹುಡುಗ, ಇಸ್ತ್ರಿ ಮಾಡಿದ ಅಂಗಿ, ನೆಲಕ್ಕೂ ನೋವಾದೀತೆಂಬಂತೆ ನಡೆಯುವ ಮೆತ್ತಗಿನ ಮನುಷ್ಯ. ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿದವನೇ ಥೂ ಎಂದು ಉಗುಳಿದ. ಆಮೇಲೆ ಅವನ ಮುಖ ಅರಳಿತು.

"ತಿಪ್ಪವ್ವಾರ, ಇಂಥಾ ಹೊಲಾನ ಹುಡಕಾಕತ್ತಿದ್ದೆ ನೋಡ್ರಿ! ಇದಕ್ಕಿಂತ ಸವಳ ಎಲ್ಲೂ ಸಿಗಂಗಿಲ್ಲ."

"ನನ್ನ ಹೊಲಾ ನೋಡಿ ಮೂಗ ಮುರದ ಹೋದವ್ರ ರಗಡ ಮಂದಿ," ಎಂದಳು ತಿಪ್ಪವ್ವ. "ನೋಡಿ ನಕ್ಕವ್ರ ನೀವ ಮೊದಲನೇದವ್ರ. ತಲಿ ನೆಟ್ಟಗ ಐತಿಲ್ರಿ ಸಾಹೇಬ್ರ?"

ರಾಚಪ್ಪ ಕೂತು ತಿಳಿಸಿ ಹೇಳಿದ. ದಾಳಿಂಬೆಯ ಐದು ತಳಿ. ಒಂದರಿಂದ ಐದು ನಂಬರು, ನಂಬರಿಗೆ ಹತ್ತರಂತೆ ಐವತ್ತು ಸಸಿ. ಐವತ್ತಕ್ಕೂ ಈ ಸವಳು ಬಾವಿಯ ನೀರನ್ನೇ ಹೊಯ್ಯಬೇಕು, ಸಿಹಿನೀರು ಒಂದು ಹನಿಯೂ ಕೂಡದು. ಮರುವರ್ಷದ ದೀಪಾವಳಿಯ ಹೊತ್ತಿಗೆ ಯಾವ ನಂಬರು ಉಪ್ಪನ್ನು ತಾಳಿ ನಿಲ್ಲುತ್ತದೋ, ಅದೇ ತಳಿಯ ನಲವತ್ತು ಸಸಿಯನ್ನು ಸರ್ಕಾರವೇ ತಂದು, ಬೇಲಿ ಕಟ್ಟಿಸಿ, ಈ ಹೊಲದಲ್ಲಿ ಹಚ್ಚಿಕೊಡುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸವಳು ಹೊಲಗಳಿಗೂ ಅದೇ ಹೋಗುತ್ತದೆ.

"ನಲವತ್ತು? ನನ್ನ ಹೊಲದಾಗ?"

"ನಿಮ್ಮ ಹೊಲದಾಗ್ರಿ."

ತಿಪ್ಪವ್ವ ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ. ಜ್ವರ ಬಂದಿರಬೇಕೆಂದು ಪಕ್ಕದ ಮನೆಯ ಸಾಬೀರಾ ಹಣೆ ಮುಟ್ಟಿ ನೋಡಿದಳು.

ಆರು ತಿಂಗಳಲ್ಲಿ ಗಿಡಗಳ ಬಂಡವಾಳ ಹೊರಬಿತ್ತು. ಒಂದು, ಮೂರು, ಐದನೇ ನಂಬರುಗಳು ಒಂದೊಂದಾಗಿ ಒಣಗತೊಡಗಿ, ಕೊನೆಗೆ ಮೂರೂ ಸಾಲು ಸೇರಿ ನಾಲ್ಕೇ ಗಿಡ ಉಳಿದವು. ಎರಡನೇ ನಂಬರು ಇನ್ನೊಂದು ಜಾತಿಯದು. ಎಲೆಯ ಅಂಚೆಲ್ಲ ಸುಟ್ಟು, ಮೊಣಕಾಲೆತ್ತರಕ್ಕೆ ಮುರುಟಿ, ಸಾಯಲೂ ಒಲ್ಲದು, ಬೆಳೆಯಲೂ ಒಲ್ಲದು, ಹತ್ತಕ್ಕೆ ಹತ್ತೂ ಹಾಗೇ ಮುಖ ಗಂಟು ಹಾಕಿಕೊಂಡು ನಿಂತಿದ್ದವು. ನಾಲ್ಕನೇ ನಂಬರು ಮಾತ್ರ, ಆಹಾ, ಅದೇನು ಸವಳು ನೀರು ಕುಡಿಯುತ್ತಿತ್ತೋ ಹಾಲು ಕುಡಿಯುತ್ತಿತ್ತೋ! ಕೆಂಪು ತೊಟ್ಟು, ಮಿರಿಮಿರಿ ಮಿಂಚುವ ಎಲೆ, ದಿನಕ್ಕೊಂದು ಹೊಸ ಚಿಗುರು. ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವ ಹೆಂಗಸರು ಅಲ್ಲಿಗೆ ಬಂದಾಗ ನಡಿಗೆ ನಿಧಾನ ಮಾಡುತ್ತಿದ್ದರು. ಊರಿನ ಬಾವಿಗಳೆಲ್ಲ ಸವಳೇ. ಅವರ ಹಿತ್ತಲಲ್ಲೂ ಬಚ್ಚಲ ನೀರಿಗೆ ಬದುಕುವ ಹಣ್ಣಿನ ಗಿಡ ಯಾವುದೂ ಇರಲಿಲ್ಲ. ಅವರ ಕಣ್ಣು ಎಲ್ಲಿ ನೆಟ್ಟಿದೆ ಎಂದು ತಿಪ್ಪವ್ವನಿಗೆ ಗೊತ್ತಾಗದೆ ಇರುತ್ತದೆಯೇ?

ಒಂದು ಬೆಳಗ್ಗೆ ನಾಲ್ಕನೇ ಸಾಲಿನಲ್ಲಿ ಒಂದು ಗುಣಿ ಬರಿದಾಗಿತ್ತು. ಮೇಲೆ ಹಿಡಿ ಜೋಳ. ಜೋಳದ ಹೊಳಪು ನೋಡಿಯೇ ಇದು ಸಾಬೀರಾಳ ಮನೆಯದೆಂದು ತಿಪ್ಪವ್ವ ಗುರುತು ಹಿಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಗೆ ಬಂದಳು.

"ನನ್ನ ಗಿಡಾ ಕಿತ್ತಾಕಿ, ನಿನ್ನ ರೊಟ್ಟಿ ಹಂಚಿನ ಮ್ಯಾಲ ಹರದ ನಾಕ ಚೂರಾಗ್ಲಿ! ನಿನ್ನ ಎಮ್ಮಿ ವರ್ಷಾ ಬರೇ ಕೋಣಾ ಈಯ್ಲಿ! ನಿನ್ನ ಸೊಸಿ ನಿನಗಿಂತಾ ಜೋರ ಬರ್ಲಿ! ನೀ ಹೇಳಿದ ಚಾಡಿ ನಿನ್ನ ಗಂಡಗ ಒಂದೂ ಕೇಳದಾಂಗ ಅವನ ಕಿವಿ ಕೆಪ್ಪಾಗ್ಲಿ!"

ಸಾಬೀರಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ, ಒಂದೊಂದು ಬೈಗುಳಕ್ಕೂ ಕಣ್ಣು ಮುಚ್ಚಿ ತಲೆದೂಗಿದಳು. ಮುಗಿದ ಮೇಲೆ, "ಯಕ್ಕಾ, ಗಂಟಲಾ ಒಣಗಿರಬೇಕು, ಚಾ ಕುಡದ ಹೋಗು," ಎಂದಳು. ತಿಪ್ಪವ್ವ ಚಹಾ ಕುಡಿದಳು. ಇಬ್ಬರೂ ಮಳೆಯ ಮಾತಾಡಿದರು, ಗಿಡದ ಮಾತಾಡಲಿಲ್ಲ.

ಆಮೇಲೆ ರಾಮವ್ವನ ಸರದಿ, ಆಮೇಲೆ ದುರ್ಗವ್ವ, ಹೀಗೆ ವರ್ಷ ತುಂಬುವುದರೊಳಗೆ ನಾಲ್ಕನೇ ಸಾಲಿನಲ್ಲಿ ಉಳಿದದ್ದು ಒಂದೇ ಗಿಡ. ತಿಪ್ಪವ್ವನಿಗೆ ಇದರಲ್ಲಿ ದುಃಖವೇನೂ ಇರಲಿಲ್ಲ. ತನ್ನ ಹೊಲದ ಗಿಡಕ್ಕೆ ಊರೇ ಆಸೆಪಟ್ಟದ್ದು ಹತ್ತು ವರ್ಷದಲ್ಲಿ ಇದೇ ಮೊದಲು. ಇನ್ನು ನಾಲ್ಕನೇ ನಂಬರಿನ ನಲವತ್ತು ಬಂದೇ ಬರುತ್ತವೆ, ಸಾಹೇಬರಿಗೆ ಕಣ್ಣಿಲ್ಲವೇ ಎಂದು ಹಿಗ್ಗಿದಳು.

ಸಾಹೇಬರಿಗೆ ಕಣ್ಣಿತ್ತು. ಆದರೆ ಅದು ತಖ್ತೆಯ ಮೇಲಿತ್ತು. ಮೇಲಿನವರು ಕಳಿಸಿದ ಆ ಹಾಳೆಯಲ್ಲಿ ಇದ್ದವು ಎರಡೇ ಕಾಲಂ: ಬದುಕಿದ್ದು, ಸತ್ತದ್ದು. ರಾಚಪ್ಪ ತಿಂಗಳಿಗೊಮ್ಮೆ ಬಂದು ಗಿಡ ಎಣಿಸುತ್ತಿದ್ದ.

"ಇಲ್ಲಿದ್ದದ್ದ ಏನಾತ್ರಿ ತಿಪ್ಪವ್ವಾರ?"

"ಒಣಗಿತ್ರಿ. ಕಿತ್ತ ಒಗದೆ," ಎನ್ನುವಳು ತಿಪ್ಪವ್ವ, ಕಣ್ಣು ಮಿಟುಕಿಸದೆ. ಕಳವಿನ ಮಾತನ್ನು ಹೊರಗಿನವನಿಗೆ ಹೇಳಿ ಸಾಬೀರಾಳ ಗಿಡ ಸುಡಬೇಕೇ? ರಾಚಪ್ಪ ಪಾಪ, ನಿಟ್ಟುಸಿರು ಬಿಟ್ಟು 'ಸತ್ತದ್ದು' ಎಂದು ಬರೆದುಕೊಳ್ಳುತ್ತಿದ್ದ.

ದೀಪಾವಳಿಗೆ ತಿಂಗಳಿದೆ ಎನ್ನುವಾಗ ಬಂದವನು ಎಣಿಕೆ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಕೈ ಮುಗಿದ.

"ನಿಮ್ಮಿಂದ ಭಾರಿ ಉಪಕಾರ ಆತ್ರಿ. ಎರಡನೇ ನಂಬರ ಗೆದ್ದೈತಿ! ಹತ್ತಕ್ಕ ಹತ್ತೂ ಬದಕ್ಯಾವು. ಮುಂದಿನ ತಿಂಗಳ ದೊಡ್ಡ ಸಾಹೇಬ್ರ ಬಂದ ಸಹಿ ಹಾಕಿದ್ರ ಎರಡನೇ ನಂಬರಿನ ನಲವತ್ತ ಸಸಿ ನಿಮ್ಮ ಹೊಲಕ್ಕ ಬರ್ತಾವು."

"ಎರಡನೇದ?" ತಿಪ್ಪವ್ವ ಸೈಕಲ್ಲಿಗೆ ಅಡ್ಡ ಬಂದು ನಿಂತಳು. "ಆ ಸುಟ್ಟ ಮಾರಿದ? ಮತ್ತ ನಾಲ್ಕನೇದು?"

"ಅದು ಉಪ್ಪು ತಾಳಂಗಿಲ್ರಿ. ಒಂಬತ್ತ ಸತ್ತ ಹೋದ್ವಲ್ಲ, ನೀವ ಕಿತ್ತ ಒಗದೀರಿ. ನಾಲ್ಕನೇದನ್ನ ಪಟ್ಟಿಯಿಂದನ ತಗದ ಹಾಕ್ತಾರ."

"ಅಲ್ರೀ ಸಾಹೇಬ್ರ, ಉಳದ ಒಂದರ ಕಡೆ ಒಮ್ಮೆ ನೋಡ್ರಿ! ಎದಿಮಟ ಬಂದೈತಿ!"

"ಒಂದರ ಮ್ಯಾಲ ಹೇಳಾಕ ಬರೂದಿಲ್ರಿ. ಲೆಕ್ಕ ಅಂದ್ರ ಲೆಕ್ಕ." ರಾಚಪ್ಪ ಮೆತ್ತಗೆ ಹೇಳಿ ಸೈಕಲ್ ಹತ್ತಿದ.

ತಿಪ್ಪವ್ವ ಬದುವಿನ ಮೇಲೆ ಕುಸಿದು ಕೂತಳು. ನಲವತ್ತು! ನಲವತ್ತು ಮುರುಟು ಗಿಡ, ಸರ್ಕಾರದ ಬೇಲಿಯೊಳಗೆ, ಸಾಯುವ ತನಕ ತನ್ನನ್ನು ನೋಡಿ ಮುಖ ಸಿಂಡರಿಸುತ್ತ ನಿಲ್ಲುತ್ತವೆ. ಕಂಡವರ ಹೊಲದ ಕಳೆ ತಪ್ಪಲಿಲ್ಲ. ನಿಜ ಹೇಳೋಣವೆಂದರೆ ಒಂಬತ್ತು ಹಿತ್ತಲಿನ ಗಿಡ ಸುಡುತ್ತವೆ. ಹೇಳದಿದ್ದರೆ ತನ್ನ ಹೊಟ್ಟೆ ಸುಡುತ್ತದೆ.

ಆದರೆ ತಿಪ್ಪವ್ವ ಕೂತಲ್ಲೇ ಕೂರುವ ಪೈಕಿಯಲ್ಲ. ನಾಲ್ಕನೇದು ಕಡಿಮೆ ಆದದ್ದು ಕಳವಿನಿಂದ. ಎರಡನೇದೂ ಕಳವಾದರೆ ಲೆಕ್ಕ ಸರಿಹೋಗುತ್ತದಲ್ಲ! ಮರುದಿನದಿಂದಲೇ ಓಣಿಯಲ್ಲಿ ಎರಡನೇ ನಂಬರಿನ ಗುಣಗಾನ ಶುರುವಾಯಿತು. ಅದರ ಹಣ್ಣು ಕುಂಬಳಕಾಯಿಯಷ್ಟು ಆಗುತ್ತದಂತೆ, ತೊಗಟೆ ಅರೆದು ಹಚ್ಚಿದರೆ ನರೆಗೂದಲು ಕರ್ರಗಾಗುತ್ತದಂತೆ, ಬಿಜಾಪುರದ ದೊಡ್ಡ ದೊಡ್ಡ ಮನೆಯವರು ಅದಕ್ಕೆ ಪಾಳಿ ಹಚ್ಚಿದ್ದಾರಂತೆ. ಹೆಂಗಸರು ಬಾಯಿ ತೆರೆದು ಕೇಳಿದರು. ಕದಿಯಲು ಮಾತ್ರ ಒಬ್ಬಳೂ ಹೊರಡಲಿಲ್ಲ.

"ನಾ ಆಡ ಹೊಡಕೊಂಡ ಹೋಗಿದ್ದೆ ಯಕ್ಕಾ," ಎಂದಳು ಸಾಬೀರಾ. "ಆಡ ಸುದ್ದಾ ಅದಕ್ಕ ಬಾಯಿ ಹಾಕಲಿಲ್ಲ. ನಿನ್ನ ಆಣೆ, ಆಡ ಏನ ತಿನ್ನೂದಿಲ್ಲ ಹೇಳು?"

ಕೊನೆಗೆ ದೊಡ್ಡ ಸಾಹೇಬರು ಬರುವ ಹಿಂದಿನ ದಿನ, ಹೊತ್ತು ಮುಳುಗುವ ಮುನ್ನ, ತಿಪ್ಪವ್ವ ತಾನೇ ಸೆರಗು ಕಟ್ಟಿ ತನ್ನ ಹೊಲಕ್ಕೆ ಕನ್ನ ಹಾಕಿದಳು. ಎರಡನೇ ಸಾಲಿನ ಒಂಬತ್ತು ಗಿಡ ಕಿತ್ತು ಹಳ್ಳಕ್ಕೆ ಬಿಸಾಡಿದಳು. ಇದೂ ಒಂದು, ಅದೂ ಒಂದು. ಎರಡನ್ನೂ ಎದುರು ಬದುರು ನಿಲ್ಲಿಸಿ ನೋಡಿದರೆ ಕುರುಡನೂ ನಾಲ್ಕನೇದನ್ನೇ ಆರಿಸುತ್ತಾನೆ ಎಂದು ಆಕೆಯ ಲೆಕ್ಕ. ಜೀವಮಾನದಲ್ಲಿ ಇಷ್ಟು ಜಾಣತನ ತನಗೆ ಎಂದೂ ಹೊಳೆದಿರಲಿಲ್ಲ ಎಂದು ಖುಷಿಯಿಂದ ಉಂಡು ಮಲಗಿದಳು.

ಮಾರನೆಯ ದಿನ ಜೀಪು ಬಂತು. ಜೀಪು ಬಂದ ಮೇಲೆ ಊರ ಹೆಂಗಸರು ಬಾರದೆ ಇರುತ್ತಾರೆಯೇ, ಬದುವಿನ ಮೇಲೆ ಸಾಲಾಗಿ ನಿಂತರು. ದೊಡ್ಡ ಸಾಹೇಬರು ಮೈಸೂರು ಕಡೆಯವರು, ಗುಂಡು ಮುಖ, ಬಿಸಿಲಿಗೆ ಟವೆಲು ಹೊದ್ದಿದ್ದರು. ಎರಡನೇ ಸಾಲಿಗೆ ಬಂದ ರಾಚಪ್ಪನ ಮುಖ ಬಿಳಿಚಿತು.

"ಸರ್, ಹೋದ ತಿಂಗಳು ಹತ್ತು ಇದ್ದವು ಸರ್..."

"ಈಗ ಒಂದೇ ಇದೆಯಲ್ಲಯ್ಯ? ಒಂದು ತಿಂಗಳಿಗೆ ಒಂಬತ್ತು ಹೋದರೆ ಏನರ್ಥ? ಐವತ್ತರಲ್ಲಿ ಉಳಿದಿರೋದು ಆರು." ದೊಡ್ಡ ಸಾಹೇಬರು ಎರಡೂ ಗಿಡಗಳ ಕಡೆ ತಿರುಗಿಯೂ ನೋಡದೆ ತಖ್ತೆ ಮಡಿಸಿದರು. "ಈ ಭೂಮಿಗೆ ಯಾವ ತಳೀನೂ ಆಗಲ್ಲ. ಮುಚ್ಚಿಬಿಡಿ. ನಲವತ್ತು ಸಸಿ ಬೇರೆ ತಾಲೂಕಿಗೆ ಕೊಡಿ."

ಮುರುಟು ಗಿಡವೂ ಹೋಯಿತು!  ತಿಪ್ಪವ್ವನ ಹತ್ತು ವರ್ಷದ ಆಸೆ ಜೀಪಿನ ಕಡೆ ನಡೆಯುತ್ತಿತ್ತು. ಇನ್ನು ಬಾಯಿ ಕಟ್ಟಿಕೊಂಡು ಯಾರನ್ನು ಉಳಿಸಬೇಕು?

"ನಿಲ್ರೀ! ನಾಲ್ಕನೇದ ಸತ್ತಿಲ್ರೀ! ಕದ್ದಾರ!"

 ದುರ್ಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾರು ಕದ್ದಿದ್ದು?" ದೊಡ್ಡ ಸಾಹೇಬರು ತಿರುಗಿದರು. ಒಬ್ಬಳು ಆಕಾಶ ನೋಡಿದಳು, ಒಬ್ಬಳು ಕಾಲಿನ ಉಂಗುರ ನೋಡಿದಳು. ತಮ್ಮ ಹಿತ್ತಲಲ್ಲಿ ತುಳಸಿ ಬಿಟ್ಟರೆ ಹುಲ್ಲು ಕಡ್ಡಿಯೂ ಇಲ್ಲವೆಂದು ರಾಮವ್ವ ಆಣೆ ಹಾಕಿದಳು. "ನೋಡಮ್ಮ," ಎಂದರು ಸಾಹೇಬರು ಬೇಸರದಿಂದ, "ಸತ್ತ ಗಿಡಕ್ಕೆ ಕತೆ ಕಟ್ಟಬಾರದು."

ತಿಪ್ಪವ್ವನಿಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಸಿಟ್ಟಿನ ಹಿಂದೆ ಬುದ್ಧಿ ಬಂತು. ಈ ಹೆಂಗಸರನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಹೋಗ್ಲಿ ಬಿಡ್ರಿ ಸಾಹೇಬ್ರ," ಎಂದಳು ತಣ್ಣಗೆ. "ನೀವು ಅಂದದ್ದ ಖರೆ. ಕದ್ದ ಒಯ್ದಲ್ಲೂ ಒಣಗ್ಯಾವು. ರಾಮವ್ವಂದಂತೂ ಎಂದೋ ಸತ್ತಿರಬೇಕು. ಆಕಿಗೆ ಬೈಯೂವಾಗ ನನಗ ನೆಗಡಿ ಆಗಿತ್ತು. ಅರ್ಧಾನ ಬೈದೇನಿ."

"ಯಾರದ ಸತ್ತೈತಿ?" ರಾಮವ್ವ ಬದುವಿನಿಂದ ಜಿಗಿದಳು. "ನಂದ ನನ್ನ ತಲಿಗಿಂತ ಎತ್ತರ ಬಂದೈತಿ! ಹೂವಾ ಬಿಟ್ಟೈತಿ, ಬಂದ ನೋಡ ಬಾ!"

"ಹೂವಾ ನಿನ್ನಷ್ಟಕ್ಕ ಬಿಟ್ಟೈತೇನ?" ದುರ್ಗವ್ವ ಮುಂದೆ ಬಂದಳು. "ನಂದಕ್ಕ ಹನ್ನೊಂದ ಹೂವಾ! ನಿಂದಕ್ಕಿಂತ ಹದಿನೈದ ದಿನಾ ತಡಾ ಒಯ್ದದ್ದು, ತಿಳೀತಿಲ್ಲೋ?"

"ನಿಮ್ಮ ಹೂವಾ ನೀವ ಮುಡಕೋರಿ," ಎಂದಳು ಸಾಬೀರಾ. "ನನ್ನ ಗಿಡಾ ಕಾಯಿ ಹಿಡದೈತಿ. ಎಲ್ಲಾರಕಿಂತ ಮೊದಲ ಕದ್ದಾಕಿ ನಾ."

ಮುಂದಿನ ಒಂದು ತಾಸು ದೊಡ್ಡ ಸಾಹೇಬರು ಹಿತ್ತಲಿನಿಂದ ಹಿತ್ತಲಿಗೆ ಸುತ್ತಿದರು. ಒಬ್ಬಳು ತೋಳು ಹಿಡಿದು ಎಳೆದರೆ ಇನ್ನೊಬ್ಬಳು ಮಜ್ಜಿಗೆ ತಂದು ಅಡ್ಡ ನಿಲ್ಲುವಳು. ರಾಚಪ್ಪ ಕೆಂಪು ತೊಟ್ಟು ಗುರುತಿಸಿ, ಬಚ್ಚಲ ನೀರನ್ನು ನೆಕ್ಕಿ ಉಗುಳಿ, ಅದೇ ಸವಳು, ಅದೇ ನಾಲ್ಕನೇ ನಂಬರು ಎಂದು ಒಂಬತ್ತು ಸಲ ಹೇಳಿದ. ಒಂಬತ್ತಕ್ಕೆ ಒಂಬತ್ತೂ ನಳನಳಿಸುತ್ತಿದ್ದವು. ಪೊಲೀಸು, ಕೇಸು ಎಂದು ಯೋಚಿಸಬೇಕಾಗಿದ್ದ ದೊಡ್ಡ ಸಾಹೇಬರು ನಕ್ಕು ನಕ್ಕು ಟವೆಲಿನಿಂದ ಕಣ್ಣೊರೆಸಿಕೊಂಡರು. ಸಾಬೀರಾಳ ಕಟ್ಟೆಯ ಮೇಲೆ ಕೂತು ತಖ್ತೆ ಬಿಚ್ಚಿದರು.

"ನಾಲ್ಕನೇ ನಂಬರು, ಹತ್ತಕ್ಕೆ ಹತ್ತು. ನಲವತ್ತು ಸಸಿ ತಿಪ್ಪವ್ವನ ಹೊಲಕ್ಕೆ. ಬರಿ ರಾಚಪ್ಪ." ಆಮೇಲೆ ಪೆನ್ನು ತಡೆದರು. "ಅದು ಸರಿ. ಎರಡನೇ ನಂಬರಿನ ಒಂಬತ್ತು ಕದ್ದವರು ಯಾರು?"

ಹೆಂಗಸರು ಒಮ್ಮೆಲೇ ಸಿಡಿದೆದ್ದರು. ಏನಂದುಕೊಂಡಿದ್ದೀರಿ ನಮ್ಮನ್ನು? ಆಡೂ ಮೂಸದ್ದನ್ನು ಕದಿಯುವಷ್ಟು ಗತಿಗೆಟ್ಟಿದ್ದೇವೆಯೇ? ದುರ್ಗವ್ವ ಅವಮಾನದಿಂದ ಅತ್ತೇಬಿಟ್ಟಳು. ಆ ಗಿಡ ಕದ್ದವಳು ಈ ಊರಿನವಳೇ ಅಲ್ಲ ಎಂದು ಎಲ್ಲರೂ ತೀರ್ಮಾನ ಕೊಟ್ಟರು.

"ನಾ," ಎಂದಳು ತಿಪ್ಪವ್ವ.

ದೊಡ್ಡ ಸಾಹೇಬರು ಕಟ್ಟೆಯಿಂದ ಮುಂದಕ್ಕೆ ಬಾಗಿದರು.

"ನಿನ್ನ ಹೊಲದ್ದನ್ನ ನೀನೇ ಕದ್ದೆಯಾ? ಯಾಕಮ್ಮ?"

ತಿಪ್ಪವ್ವನ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ. "ಬರಕೋರಿ. ಹತ್ತ ವರ್ಷ ಮಂದಿ ಹೊಲದಾಗ ಕಳೇ ತಗದೇನಿ. ನನ್ನ ಹೊಲದಾಗ ಒಂದ ಹಸರ ತಪ್ಪಲಾ ಕಾಣಬೇಕು ಅಂತ ಜೀವಾ ಹೊಡಕೊಳ್ತಿತ್ತು. ಆ ಸುಟ್ಟ ಮಾರಿ ಗಿಡಾ ನಲವತ್ತ ಬಂದ್ರ ನಾ ಹೊಲಕ್ಕ ಹ್ಯಾಂಗ ಕಾಲಿಡ್ಲಿ? ಅದಕ್ಕ ಕಿತ್ತೆ. ಬರಕೋರಿ."

ತಖ್ತೆಯಲ್ಲಿ ಅದಕ್ಕೆ ಜಾಗ ಇಲ್ಲವೆಂದು ರಾಚಪ್ಪ ಮೆಲ್ಲಗೆ ಹೇಳಿದ. ದೊಡ್ಡ ಸಾಹೇಬರು ಪೆನ್ನು ಕಿತ್ತುಕೊಂಡು ಉದ್ದಕ್ಕೆ ಒಂದು ಗೆರೆ ಎಳೆದು, ಮೇಲೆ 'ಕಳವು' ಎಂದು ಬರೆದರು. ಅದರ ಕೆಳಗೆ ಎರಡನೇ ನಂಬರಿನ ಎದುರು ಒಂಬತ್ತು, ಕದ್ದವರು ತಿಪ್ಪವ್ವ ಸೋಮನಿಂಗ, ಸಾಕಿನ ಕರೇಹಟ್ಟಿ. ಕರೇಹಟ್ಟಿ ಹುಟ್ಟಿದಾಗಿನಿಂದ ಗಿಡ ಕದ್ದವರ ಹೆಸರನ್ನು ಯಾರೂ ಕಾಗದದ ಮೇಲೆ ಕಂಡಿರಲಿಲ್ಲ. ಹೆಂಗಸರು ಕತ್ತು ಚಾಚಿ ಅದನ್ನೇ ನೋಡಿದರು.

"ಇದಕ್ಕೊಂದು, ನಲವತ್ತು ಸಸಿಗೆ ಒಂದು. ಎರಡು ಕಡೆ ಹೆಬ್ಬೆಟ್ಟು ಒತ್ತಬೇಕು ನೋಡಮ್ಮ."

ತಿಪ್ಪವ್ವ ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡಳು. ನಾಲ್ಕನೇ ನಂಬರು ಎಂದೇ ಬರೆದಿದೆಯೋ ಇಲ್ಲವೋ ಎಂದು ರಾಚಪ್ಪನಿಂದ ಎರಡು ಸಲ ಓದಿಸಿದಳು. ಆಮೇಲೆ ಕಳ್ಳತನಕ್ಕೂ ತೋಟಕ್ಕೂ ಒಂದೇ ಸಮ ಗಟ್ಟಿಯಾಗಿ ಒತ್ತಿದಳು.